ದೂರದರ್ಶನದ ಲೋಕಚಿತ್ರಗಳೂ ಅವುಗಳ ಧ್ವನಿಯೂ



ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹೆಣ್ಣುಮಕ್ಕಳ ನಡೆನುಡಿಯನ್ನು ಕುರಿತೋ ಶಾಲೆಯ ಪೂರ್ವಚರಿತ್ರೆಯನ್ನು ಕುರಿತೋ ನಾಲ್ಕು ಪುಟ ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆದರೆ ಕಳೆದ ವರುಷ ಉಪ್ಪಾರಹಳ್ಳಿಯ ನಮ್ಮ ಸಭಾಂಗಣದಲ್ಲಿ ನಡೆದ ಒಂದು ಚಿಕ್ಕ ಸಂಗತಿಯು ನನ್ನ ಮನಸ್ಸನ್ನು ಬಿಡದೆ ಹಿಡಿದಿರುವುದರಿಂದ, ಅದನ್ನು ನೆವಮಾಡಿಕೊಂಡು, ದೂರದರ್ಶನದಲ್ಲಿ ಬರುವ ಲೋಕಚಿತ್ರಗಳ ವಿಷಯವಾಗಿ ನಾನು ಬಲ್ಲಷ್ಟನ್ನು ಇಲ್ಲಿ ವಿವರಿಸುವೆನು.

ಲೋಕಚಿತ್ರಗಳೆಂದು ನಾನು ಕರೆಯುವುದು ಕಥೆ, ನಾಟಕ, ಹಾಡು ಕುಣಿತಗಳನ್ನಲ್ಲ. ಯಾವ ದೇಶದಲ್ಲಿ ಯಾವ ಹೊಸ ಯಂತ್ರವನ್ನು ಕಂಡುಹಿಡಿದರು, ಯಾವ ಸರಕಿನ ಬೆಲೆ ಏಕೆ ಏರಿತು, ಯಾವ ಜನರು ಹೇಗೆ ಬಾಳುತ್ತಾರೆ ಎಂಬುದನ್ನು ನಿಜವಾದ ಸ್ಥಳಕ್ಕೆ ಹೋಗಿ ನಿಜವಾದ ಜನರನ್ನು ಮಾತನಾಡಿಸಿ ತೋರಿಸುವ ಸಾಕ್ಷ್ಯಚಿತ್ರಗಳೂ, ವ್ಯಾಪಾರ ವ್ಯವಹಾರಗಳ ವಾಹಿನಿಗಳಲ್ಲಿ ಬರುವ ಕಾರ್ಯಕ್ರಮಗಳೂ ಈ ಜಾತಿಗೆ ಸೇರಿದವು. ಚಿಕ್ಕಮಗಳೂರಿನ ಇಳಿಜಾರಿನಲ್ಲಿ ಬೆಳೆದ ಕಾಫಿಗೆ ನ್ಯೂಯಾರ್ಕ್ ಮತ್ತು ಲಂಡನ್ ಪೇಟೆಗಳಲ್ಲಿ ಬೆಲೆ ಕಟ್ಟುವರೆಂಬುದನ್ನು ಪಾಠಪುಸ್ತಕದಲ್ಲಿ ಓದಿದ ಹುಡುಗಿಯು ಮರೆತಾಳು. ಆ ಪೇಟೆಯನ್ನು ಕಣ್ಣಾರೆ ಕಂಡವಳು ಮರೆಯಲಾರಳು. ಆದಕಾರಣ ಈ ಚಿತ್ರಗಳನ್ನು ನಾನು ವಿರೋಧಿಸುವವಳಲ್ಲ. ಅವುಗಳನ್ನು ತರಗತಿಯಲ್ಲಿ ತೋರಿಸುವುದು ಪಾಠವನ್ನು ತಪ್ಪಿಸಿಕೊಳ್ಳುವ ಉಪಾಯವೆಂದು ಗೊಣಗುವ ಹಿರಿಯ ಉಪಾಧ್ಯಾಯರೊಡನೆ ನಾನು ಹಲವು ಸಲ ವಾದಿಸಿದ್ದೇನೆ.

ಇಂಥ ಚಿತ್ರವು ತಯಾರಾಗುವ ಬಗೆಯನ್ನು ಕುರಿತು ಒಂದು ಮಾತನ್ನು ಮೊದಲು ತಿಳಿದಿರಬೇಕು. ನೋಡುವವರಿಗೆ ಚಿತ್ರವೂ ಮಾತೂ ಒಂದೇ ಆಗಿ ತೋರುವುವಾದರೂ, ತಯಾರಿಸುವವರಿಗೆ ಅವು ಬೇರೆ ಬೇರೆಯಾದ ಎಳೆಗಳು. ಚಿತ್ರದ್ದೊಂದು ಎಳೆ, ಮಾತನಾಡುವವರ ಸ್ವಂತ ದನಿಯದೊಂದು, ವಿವರಣೆ ಹೇಳುವವರದೊಂದು, ವಾದ್ಯದ್ದೊಂದು. ಇವುಗಳಲ್ಲಿ ಯಾವುದನ್ನು ಏರಿಸಬೇಕು, ಯಾವುದನ್ನು ತಗ್ಗಿಸಬೇಕೆಂಬುದು ಸಂಕಲನ ಮಾಡುವವರ ಕೈಯಲ್ಲಿರುವುದು. ಪರಭಾಷೆಯ ರೈತನೊಬ್ಬನು ಮಾತನಾಡಲು ಆರಂಭಿಸಿದರೆ, ಅವನ ದನಿಯನ್ನು ಒಂದೆರಡು ಕ್ಷಣ ಕೇಳಗೊಟ್ಟು, ಅನಂತರ ಅದನ್ನು ತಗ್ಗಿಸಿ, ಅದರ ಮೇಲೆ ಇಂಗ್ಲಿಷಿನ ದನಿಯೊಂದನ್ನು ಹೊದಿಸುವರು. ಆ ರೈತನ ಮಾತು ಕೆಳಗೆ ಹರಿಯುತ್ತಲೇ ಇರುವುದು, ಆದರೆ ಕೇಳಿಸದು. ಈ ಸಣ್ಣ ವಿಷಯವನ್ನು ನೆನಪಿನಲ್ಲಿಡಿರಿ.

ನಮ್ಮ ಪೂರ್ವಿಕರ ಕಾಲದಲ್ಲಿ ಇದು ತಲೆಕೆಳಗಾಗಿತ್ತು. ಮಿಷನರಿಗಳು ಮಾಯಾದೀಪವನ್ನು, ಎಂದರೆ ಮ್ಯಾಜಿಕ್ ಲ್ಯಾಂಟರ್ನನ್ನು, ಹಳ್ಳಿಗಳಿಗೆ ಒಯ್ದು ಬಿಳಿಯ ಬಟ್ಟೆಯ ಮೇಲೆ ದೂರದೇಶದ ಚಿತ್ರಗಳನ್ನು ಬೀಳಿಸುತ್ತಿದ್ದರು. ಚಿತ್ರವು ಮೂಕವಾಗಿತ್ತು, ಅದಕ್ಕೆ ಬಾಯಿ ಕೊಡುತ್ತಿದ್ದವರು ಊರಿನ ಭಾಷೆ ಬಲ್ಲ ಉಪದೇಶಿಗಳು, ಉಪಾಧ್ಯಾಯರು, ಬೈಬಲ್ ಸ್ತ್ರೀಯರು. ಜನರು ನಡುವೆ ಪ್ರಶ್ನೆ ಕೇಳಬಹುದಾಗಿತ್ತು. ಅದಕ್ಕೂ ಮುಂಚೆ, 1843ರಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಗೆ ನಾಂದಿ ಹಾಡಿದಾಗಲೂ, ಲೋಕದ ಸಮಾಚಾರವು ಓದುವವನ ಮಾತಿನಲ್ಲಿಯೇ ಅವನ ಮನೆಗೆ ಬರಬೇಕೆಂಬುದೇ ಅವರ ಎಣಿಕೆಯಾಗಿತ್ತು.

ದೂರದರ್ಶನವು ಕನ್ನಡನಾಡಿನ ಹಳ್ಳಿಗಳಿಗೆ ಮೊದಲು ಬಂದ ಬಗೆಯೂ ಹೀಗೆಯೇ ಇತ್ತೆಂಬುದು ಬಹುಮಂದಿಗೆ ತಿಳಿಯದು. ವಿಕ್ರಮ್ ಸಾರಾಭಾಯಿಯವರು ಕನಸು ಕಂಡು, 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗವು 1975ನೆಯ ಇಸವಿ ಆಗಸ್ಟ್ 1ರಿಂದ 1976ನೆಯ ಇಸವಿ ಜುಲೈ 31ರವರೆಗೆ ಸರಿಯಾಗಿ ಒಂದು ವರುಷ ನಡೆಯಿತು. ಸಾರಾಭಾಯಿಯವರು 1971ರಲ್ಲಿಯೇ ತೀರಿಕೊಂಡಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕಾಗಿ ಆರಿಸಲ್ಪಟ್ಟುವು. ಕರ್ಣಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯವು ಒದಗಿತು. ಬೆಂಗಳೂರಿನ ಶ್ರೀಮಂತರ ಮನೆಯಲ್ಲಿಯೂ ದೂರದರ್ಶನವಿಲ್ಲದ ಆ ದಿನಗಳಲ್ಲಿ, ರಾಯಚೂರು ಸೀಮೆಯ ಹಳ್ಳಿಯ ಶಾಲೆಯ ಮುಂದೆ, ಕೋಳಿಗಳಿಗೆ ಬೇಲಿ ಕಟ್ಟುವಂಥ ತಂತಿಯ ಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಬೋಗುಣಿಯೊಂದು ಆಕಾಶದತ್ತ ಮುಖಮಾಡಿ ನಿಂತಿತ್ತು. ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ವಾರ್ತೆ. ಸುಮಾರು 50,000 ಮಂದಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಇದರ ಮೂಲಕವೇ ವಿಜ್ಞಾನ ಬೋಧನೆಯ ತರಬೇತು ಕೊಡಲ್ಪಟ್ಟಿತು.

ನನಗೆ ಅತ್ಯಂತ ಸೊಗಸಾಗಿ ತೋರುವ ಅಂಶವು ಮುಂದಿನದು. ಆ ಉಪಗ್ರಹದಿಂದ ಒಂದು ಚಿತ್ರದ ಜೊತೆಗೆ ಎರಡು ದನಿಗಳನ್ನು ಕಳುಹಿಸಬಹುದಾಗಿತ್ತು. ಆದುದರಿಂದ ಆಂಧ್ರದ ಹಳ್ಳಿಯವರೂ ಕರ್ಣಾಟಕದ ಹಳ್ಳಿಯವರೂ ಒಂದೇ ಕ್ಷಣದಲ್ಲಿ ಒಂದೇ ಚಿತ್ರವನ್ನು ನೋಡುತ್ತಿದ್ದರು. ಅವರಿಗೆ ಅದು ತೆಲುಗಿನಲ್ಲಿ ಕೇಳಿಸುತ್ತಿತ್ತು, ಇವರಿಗೆ ಕನ್ನಡದಲ್ಲಿ. ಚಿತ್ರವನ್ನು ಹಂಚಿಕೊಂಡರು, ಮಾತನ್ನು ಯಾರೂ ಬಿಟ್ಟುಕೊಡಲಿಲ್ಲ. ವರುಷವು ಮುಗಿದ ಕೂಡಲೆ ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಕರೆದುಕೊಂಡರು. ಹಳ್ಳಿಯವರು ಪೆಟ್ಟಿಗೆಯ ಮುಂದೆ ಎಷ್ಟು ದಿನ ಕಾದು ಕುಳಿತಿದ್ದರೋ!

ಅನಂತರದ ಕಾಲವು ನನ್ನ ತಲೆಮಾರಿನದು. 1980ರ ದಶಕದ ಕೊನೆಯಲ್ಲಿಯೂ 1990ರ ದಶಕದಲ್ಲಿಯೂ ದೆಹಲಿಯಿಂದ ಬರುತ್ತಿದ್ದ ‘ಸುರಭಿ’, ‘ಟರ್ನಿಂಗ್ ಪಾಯಿಂಟ್’ ಮೊದಲಾದ ಕಾರ್ಯಕ್ರಮಗಳನ್ನು ನಾವು ನೆರೆಮನೆಯ ನಡುಮನೆಯಲ್ಲಿ ಸಾಲಾಗಿ ಕುಳಿತು ನೋಡಿದೆವು. ವಿಜ್ಞಾನದ ಆ ಎರಡನೆಯ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದವರಲ್ಲಿ ನಮ್ಮ ಗಿರೀಶ ಕಾರ್ನಾಡರೂ ಒಬ್ಬರೆಂಬುದು ನಮಗೆ ಬಹಳ ಹೆಮ್ಮೆ. ಅವರು ಆಡಿದ ಮಾತಿನಲ್ಲಿ ಅರ್ಧವು ತಿಳಿಯುತ್ತಿರಲಿಲ್ಲವೆಂಬುದನ್ನು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ತಿಳಿದ ಹಾಗೆ ತಲೆಯಾಡಿಸುವ ವಿದ್ಯೆಯನ್ನು ನಾನು ಕಲಿತದ್ದು ಅಲ್ಲಿಯೇ. ಇಂದು ನನ್ನ ವಿದ್ಯಾರ್ಥಿನಿಯರಲ್ಲಿ ಆ ತಲೆಯಾಡಿಕೆಯನ್ನು ದೂರದಿಂದಲೇ ಗುರುತಿಸಬಲ್ಲೆನು.

ಇದರ ನಡುವೆ ಕನ್ನಡದಲ್ಲಿ ವಿಶೇಷವಾದ ತೊಡಕೊಂದಿತ್ತು. 1960ರ ದಶಕದಲ್ಲಿ, ಪರಭಾಷೆಯ ಚಲನಚಿತ್ರಗಳಿಗೆ ಕನ್ನಡದ ಮಾತನ್ನು ಅಂಟಿಸಿ ತಂದರೆ ಕನ್ನಡ ಚಿತ್ರೋದ್ಯಮವು ಬದುಕದೆಂದು ಅ. ನ. ಕೃಷ್ಣರಾಯರೇ ಮೊದಲಾದವರು ಹೋರಾಡಿ ಡಬ್ಬಿಂಗನ್ನು ನಿಲ್ಲಿಸಿದರು. ಅವರ ಹೋರಾಟದಲ್ಲಿ ನ್ಯಾಯವಿತ್ತು. ನೂರಾರು ಕಲಾವಿದರ, ಕೆಲಸಗಾರರ ಅನ್ನದ ಪ್ರಶ್ನೆ ಅದು. ಆದರೆ ಕಾನೂನಿನಲ್ಲಿ ಬರೆಯದ ಆ ಕಟ್ಟಳೆಯು ಚಲನಚಿತ್ರದಿಂದ ದೂರದರ್ಶನಕ್ಕೂ, ಕಥೆಯಿಂದ ಜ್ಞಾನಕ್ಕೂ ಹಬ್ಬಿತು. ತಿಮಿಂಗಿಲವನ್ನು ಕುರಿತ, ಹಿಮನದಿಯನ್ನು ಕುರಿತ, ರೈಲುಸೇತುವೆಯನ್ನು ಕುರಿತ ಚಿತ್ರಗಳನ್ನು ನೆರೆಯ ತಮಿಳು, ತೆಲುಗು ಮಕ್ಕಳು ತಮ್ಮ ತಾಯ್ನುಡಿಯಲ್ಲಿ ಕೇಳುತ್ತಿದ್ದಾಗ, ನಮ್ಮ ಮಕ್ಕಳು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ನೋಡಿ ಊಹಿಸಿಕೊಳ್ಳಬೇಕಾಯಿತು. 2012ರಲ್ಲಿ ‘ಸತ್ಯಮೇವ ಜಯತೇ’ ಎಂಬ ಸಮಾಜ ವಿಷಯಕವಾದ ಕಾರ್ಯಕ್ರಮವು ಹಲವು ಭಾಷೆಗಳಲ್ಲಿ ಪ್ರಸಾರವಾದರೂ ಕನ್ನಡದ ವಾಹಿನಿಗಳಲ್ಲಿ ಕನ್ನಡವಾಗಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟವು ದೂರು ಕೊಟ್ಟು, ಭಾರತೀಯ ಸ್ಪರ್ಧಾ ಆಯೋಗವು 2015ನೆಯ ಇಸವಿ ಜುಲೈ ತಿಂಗಳಲ್ಲಿ ಇಂಥ ತಡೆಯು ಸಲ್ಲದೆಂದು ತೀರ್ಪಿತ್ತಿತು. ಬಾಗಿಲು ಆಮೇಲೆ ತೆರೆಯಿತು. ಈ ಮಾತಿಗೆ ಕೆಲವರು ನನ್ನ ಮೇಲೆ ಮುನಿಸಿಕೊಂಡಾರು. ಆದರೂ ಹೇಳದೆ ಇರಲಾರೆನು. ಭಾಷೆಯನ್ನು ಕಾಪಾಡಲೆಂದು ಕಟ್ಟಿದ ಬೇಲಿಯು ಕನ್ನಡ ಶಾಲೆಯ ಒಂದೆರಡು ತಲೆಮಾರಿನ ಮಕ್ಕಳನ್ನು ಲೋಕಜ್ಞಾನದಿಂದ ಹೊರಗಿಟ್ಟಿತು. ಇಂಗ್ಲಿಷ್ ಶಾಲೆಗೆ ಹೋದವರಿಗೆ ಅದರಿಂದ ನಷ್ಟವಾಗಲಿಲ್ಲ.

ಇಷ್ಟರಲ್ಲಿ ಲೋಕದ ಕ್ಯಾಮರಾಗಳೇ ಕನ್ನಡನಾಡಿಗೆ ಬರತೊಡಗಿದ್ದುವು. 2004ರಲ್ಲಿ ಅಮೆರಿಕದ ಪತ್ರಿಕಾಕರ್ತರಾದ ಥಾಮಸ್ ಫ್ರೀಡ್‌ಮನ್ನರು ಬೆಂಗಳೂರಿಗೆ ಬಂದು, ಅವರ ದೇಶದ ಕೆಲಸಗಳು ಇಲ್ಲಿ ನಡೆಯುವುದನ್ನು ಕುರಿತು ಡಿಸ್ಕವರಿ ಟೈಮ್ಸ್ ವಾಹಿನಿಗಾಗಿ ಸಾಕ್ಷ್ಯಚಿತ್ರವೊಂದನ್ನು ತೆಗೆದರು. ಆಗ ಇನ್ಫೋಸಿಸ್ ಕಚೇರಿಯಲ್ಲಿ ನಂದನ್ ನೀಲೇಕಣಿಯವರು ಆಡಿದ ಮಾತೊಂದರಿಂದ ಹೊಳೆದು ಬರೆದ ಪುಸ್ತಕವೇ, ಲೋಕವು ಚಪ್ಪಟೆಯಾಯಿತೆಂದು ಸಾರಿ 2005ರಲ್ಲಿ ಜಗತ್ಪ್ರಸಿದ್ಧವಾದ ‘ದಿ ವರ್ಲ್ಡ್ ಈಸ್ ಫ್ಲಾಟ್’. ನಮ್ಮ ತರುಣ ತರುಣಿಯರು ದೂರವಾಣಿಯಲ್ಲಿ ಮಾತನಾಡುವುದಕ್ಕಾಗಿ ತಮ್ಮ ಉಚ್ಚಾರಣೆಯನ್ನು ತಿದ್ದಿಕೊಳ್ಳುವ ತರಗತಿಯ ವರ್ಣನೆ ಅದರಲ್ಲಿ ಉಂಟು. ಬೇರೆಯವರ ಕಿವಿಗೆ ಹಿತವಾಗುವಂತೆ ನಮ್ಮ ದನಿಯನ್ನು ತಿದ್ದುವ ಕೆಲಸವು ಅಲ್ಲಿ ಕಂಪೆನಿಯ ಕಚೇರಿಯಲ್ಲಿ ನಡೆಯಿತು. ಸಾಕ್ಷ್ಯಚಿತ್ರದಲ್ಲಿಯಾದರೆ ಸಂಕಲನದ ಕೊಠಡಿಯಲ್ಲಿ ನಡೆಯುವುದು.

ಇನ್ನು ನಮ್ಮ ಸಭಾಂಗಣದ ಸಂಗತಿಗೆ ಬರುವೆನು. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿರುವ ಸೌರಶಕ್ತಿಯ ಉದ್ಯಾನವನ್ನು ಕುರಿತು ಹೊರದೇಶದ ತಂಡವೊಂದು ತಯಾರಿಸಿದ ಒಂಬತ್ತು ನಿಮಿಷಗಳ ಚಿತ್ರವನ್ನು ಹತ್ತನೆಯ ತರಗತಿಗೆ ತೋರಿಸಿದೆವು. ಆ ಚಿತ್ರವು ಯಾರದೆಂದು ಹೇಳುವುದು ಇಲ್ಲಿ ಅವಶ್ಯವಲ್ಲ. ಅಂಥವು ಹಲವಾರಿರುವುವು, ಎಲ್ಲವೂ ಡ್ರೋನಿನಿಂದ ತೆಗೆದ ಆಕಾಶನೋಟದಿಂದಲೇ ಆರಂಭವಾಗುವುವು. ಆ ನೋಟವು ರಮ್ಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. ನೀಲಿ ಫಲಕಗಳು ಕಣ್ಣು ಹರಿಯುವಷ್ಟು ದೂರ ಕೆರೆಯಂತೆ ಹಬ್ಬಿರುವುವು. ಕೆರೆಯಲ್ಲಿ ನೀರು ನಿಲ್ಲುವುದೇ ಅಪೂರ್ವವಾದ ಸೀಮೆಯಲ್ಲಿ!

ಸೌರ ಉದ್ಯಾನದ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾವಗಡವು ಪದೇ ಪದೇ ಬರಕ್ಕೆ ತುತ್ತಾದ ತಾಲ್ಲೂಕು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವರು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ದೋಷವುಂಟು. ಮೋಡವಿಲ್ಲದ ಆಕಾಶವೇ ಅಲ್ಲಿನ ರೈತನ ಶಾಪ. ಆ ಶಾಪವನ್ನೇ ಸಂಪತ್ತಾಗಿ ಮಾಡಬೇಕೆಂದು, ಕೇಂದ್ರ ಮತ್ತು ರಾಜ್ಯ ಸರಕಾರಗಳ ಸಂಸ್ಥೆಗಳು ಕೂಡಿ 2015ರಲ್ಲಿ ಕರ್ಣಾಟಕ ಸೌರಶಕ್ತಿ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿ, ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಈ ಉದ್ಯಾನವನ್ನು ಕಟ್ಟಿದರು. 2018ನೆಯ ಇಸವಿ ಮಾರ್ಚ್ 1ರಂದು ಅದರ ಉದ್ಘಾಟನೆಯಾಯಿತು. 2019ರ ಕೊನೆಗೆ ಅದರ ಸಾಮರ್ಥ್ಯವು 2,050 ಮೆಗಾವಾಟಿಗೆ ಏರಿತು. ಭೂಮಿಯನ್ನು ರೈತರಿಂದ ಕೊಂಡುಕೊಳ್ಳಲಿಲ್ಲ. 28 ವರುಷಗಳಿಗೆ ಗುತ್ತಿಗೆಯಾಗಿ ತೆಗೆದುಕೊಂಡರು. ಎಕರೆಗೆ ವರುಷಕ್ಕೆ 21,000 ರೂಪಾಯಿ. ಎರಡು ವರುಷಕ್ಕೊಮ್ಮೆ ಶೇಕಡಾ 5ರ ಹೆಚ್ಚಳ. ಭೂಮಿಯ ಒಡೆತನವು ರೈತನಲ್ಲಿಯೇ ಉಳಿಯುವುದು. ಬಲವಂತವಾಗಿ ಭೂಮಿಯನ್ನು ಕಿತ್ತುಕೊಳ್ಳುವ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲಾದದ್ದೆಂದು ನಾನು ಅಭಿಪ್ರಾಯಪಡುವೆನು. ಲೋಕದ ಚಿತ್ರಕಾರರು ಇದನ್ನು ಮೆಚ್ಚಿ ತೋರಿಸುವುದಕ್ಕೆ ಕಾರಣವೂ ಇದೇ.

ಚಿತ್ರದಲ್ಲಿ ಅಧಿಕಾರಿಗಳು ಮಾತನಾಡಿದರು. ಬಂಡವಾಳ ಹೂಡಿದವರು ಮಾತನಾಡಿದರು. ಆಮೇಲೆ, ಬೇಲಿಯ ಹೊರಗೆ ಕೋಲು ಹಿಡಿದು ನಿಂತಿದ್ದ ಒಬ್ಬ ಮುದುಕಿಯು ಸುಮಾರು ಅರ್ಧ ನಿಮಿಷ ಮಾತನಾಡಿದಳು. ಆಕೆಯ ದನಿಯನ್ನು ತಗ್ಗಿಸಿ, ಅದರ ಮೇಲೆ ಹೆಂಗಸೊಬ್ಬಳ ಇಂಗ್ಲಿಷ್ ದನಿಯನ್ನು ಹೊದಿಸಿದ್ದರು: ತಮ್ಮ ಊರು ಈಗ ಬದಲಾಗಿದೆ, ಹಿಂದೆ ಇಲ್ಲಿ ಏನೂ ಇರಲಿಲ್ಲ ಎಂಬಷ್ಟೇ ಅದರ ಸಾರ. ಅಷ್ಟರಲ್ಲಿ ಸಮೀಪದ ಹಳಿಯ ಮೇಲೆ ರೈಲು ಹಾದುಹೋಗಿ ಯಾರಿಗೂ ಏನೂ ಕೇಳಿಸದಾಯಿತು. ಉಪಾಧ್ಯಾಯಿನಿಯು ಆ ಭಾಗವನ್ನು ಮತ್ತೆ ಹಾಕಿದರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ನಮ್ಮ ವಸತಿಗೃಹದಲ್ಲಿದ್ದುಕೊಂಡು ಓದುತ್ತಿರುವ ಪಾವಗಡ ಕಡೆಯ ಹುಡುಗಿಯೊಬ್ಬಳು ಎದ್ದುನಿಂತು, “ಮಿಸ್, ಆ ಅಜ್ಜಿ ಹೇಳುತ್ತಿರುವುದು ಅದಲ್ಲ” ಎಂದಳು.

ಆ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಮನೆಮಾತು. ಹುಡುಗಿಯು ಇಂಗ್ಲಿಷಿನ ಕೆಳಗೆ ಹರಿಯುತ್ತಿದ್ದ ತೆಲುಗನ್ನು ಕೇಳಿಸಿಕೊಂಡಿದ್ದಳು. ಮೂರನೆಯ ಸಲ, ನಾಲ್ಕನೆಯ ಸಲ ಹಾಕಿಸಿ, ಕಿವಿಯನ್ನು ಪೆಟ್ಟಿಗೆಗೆ ಆನಿಸಿ, ಒಂದೊಂದೇ ಮಾತನ್ನು ಬಿಡಿಸಿ ಕನ್ನಡದಲ್ಲಿ ಹೇಳಿದಳು. ಭೂಮಿ ಇದ್ದವರಿಗೆ ವರುಷವರುಷವೂ ಹಣ ಬರುತ್ತದೆ. ತಾವು ಭೂಮಿ ಇಲ್ಲದವರು, ಅವರ ಹೊಲದಲ್ಲಿ ಕಡಲೆಕಾಯಿ ಕೀಳುವುದಕ್ಕೆ ಕೂಲಿಗೆ ಹೋಗುತ್ತಿದ್ದವರು. ಹೊಲವೇ ಇಲ್ಲವಾದ ಮೇಲೆ ಕೂಲಿಯೂ ಇಲ್ಲ. ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿಗೆ ಬೇಲಿ ಬಂದಿದೆ, ಸುತ್ತಿ ಹೋಗಬೇಕು. ಊರು ಬದಲಾಗಿದೆ ಎಂದೂ ಆಕೆ ಹೇಳಿದ್ದಳು, ನಿಜ. ಅದು ಮೊದಲನೆಯ ವಾಕ್ಯ. ಹಿಂದೆ ಇಲ್ಲಿ ಏನೂ ಇರಲಿಲ್ಲವೆಂಬ ಮಾತು ಮಾತ್ರ ಆಕೆಯ ಬಾಯಿಂದ ಬಂದಿರಲೇ ಇಲ್ಲ.

ಚಿತ್ರ ತೆಗೆದವರು ಮೋಸಗಾರರೆಂದು ನಾನು ಹೇಳುವುದಿಲ್ಲ. ಒಂಬತ್ತು ನಿಮಿಷಗಳಲ್ಲಿ ಒಂದು ತಾಲ್ಲೂಕನ್ನು ಹಿಡಿಸಬೇಕು, ನೋಡುವವನು ಸಾವಿರಾರು ಮೈಲಿ ದೂರದಲ್ಲಿರುವನು, ಭಾಷಾಂತರಿಸಿದವರು ಅವಸರದಲ್ಲಿದ್ದಿರಬಹುದು. ಮೋಶೆಯು ಕಾನಾನ್ ದೇಶವನ್ನು ನೋಡಿಬರಲು ಕಳುಹಿಸಿದ ಹನ್ನೆರಡು ಮಂದಿಯ ವೃತ್ತಾಂತವನ್ನು ನಮ್ಮ ಮಕ್ಕಳು ಬಲ್ಲರು. ಹನ್ನೆರಡು ಮಂದಿಯೂ ನೋಡಿದ್ದು ಒಂದೇ ದೇಶವನ್ನು. ದ್ರಾಕ್ಷಿಯ ಗೊಂಚಲನ್ನು ಕೋಲಿಗೆ ಕಟ್ಟಿ ಹೊತ್ತು ತಂದು ಎಲ್ಲರ ಕಣ್ಣಿಗೂ ತೋರಿಸಿದರು. ಗೊಂಚಲು ಸುಳ್ಳಲ್ಲ, ಆದರೂ ವರದಿಗಳು ಎರಡಾದುವು. ಆ ದೇಶದಲ್ಲಿ ಮೊದಲೇ ವಾಸವಾಗಿದ್ದವರನ್ನು ಯಾರಾದರೂ ಮಾತನಾಡಿಸಿದರೇ ಎಂದು ನಮ್ಮ ಭಾನುವಾರದ ಶಾಲೆಯ ಒಬ್ಬ ಚಿಕ್ಕ ಹುಡುಗಿಯು ಹಿಂದೊಮ್ಮೆ ಕೇಳಿದ್ದಳು. ಆಗ ನಾನು ಅವಳನ್ನು ಸುಮ್ಮನಿರಿಸಿದೆನು. ಅದು ಈಗ ನೆನಪಾಗಿ ನಾಚಿಕೆಯಾಗುವುದು.

ಆ ವಾರ ಅಂಕಗಣಿತದ ಉಪಾಧ್ಯಾಯಿನಿಯು ಈ ವಿಷಯವನ್ನು ತಮ್ಮ ತರಗತಿಗೆ ಕೊಂಡೊಯ್ದರು. 13,000 ಎಕರೆಗೆ 21,000 ರೂಪಾಯಿಯಂತೆ ಮೊದಲ ವರುಷದ ಗುತ್ತಿಗೆ 27 ಕೋಟಿ 30 ಲಕ್ಷ ರೂಪಾಯಿ. ದೊಡ್ಡ ಮೊತ್ತವೇ. ಮೂರು ಎಕರೆಯವನಿಗೆ ವರುಷಕ್ಕೆ 63,000, ಎಂದರೆ ತಿಂಗಳಿಗೆ 5,250. ಎರಡು ವರುಷಕ್ಕೆ ಶೇಕಡಾ 5 ಎಂದರೆ ವರುಷಕ್ಕೆ ಸುಮಾರು ಎರಡೂವರೆ. ಅಕ್ಕಿ ಬೇಳೆಯ ಬೆಲೆ ಅದಕ್ಕಿಂತ ಬೇಗನೆ ಏರಿದರೆ ರೂಪಾಯಿ ಹೆಚ್ಚಾದರೂ ಊಟ ಕಡಿಮೆಯಾಗುವುದು. ಹದಿಮೂರು ಸಲ ಹೆಚ್ಚಳವಾದ ಮೇಲೆ ಗುತ್ತಿಗೆಯ ಕೊನೆಯ ವರುಷಗಳಲ್ಲಿ ಎಕರೆಗೆ ಸುಮಾರು 39,600 ಬರುವುದೆಂದು ಮಕ್ಕಳೇ ಲೆಕ್ಕ ಮಾಡಿದರು. ಎಕರೆಯೇ ಇಲ್ಲದವರ ಪಾಲನ್ನು ಲೆಕ್ಕ ಮಾಡಲು ಹಲಗೆ ಬೇಕಾಗಲಿಲ್ಲ. ಆರ್ಥಿಕ ವಿಷಯದ ಕಾರ್ಯಕ್ರಮಗಳಲ್ಲಿ ಒಟ್ಟು ಮೊತ್ತವನ್ನು ದಪ್ಪ ಅಕ್ಷರದಲ್ಲಿ ತೋರಿಸುವರು. ಭಾಗಾಕಾರವನ್ನು ಮನೆಯಲ್ಲಿ ಮಾಡಿಕೊಳ್ಳಬೇಕು. ಕಾರ್ಯಕ್ರಮದ ಕೊನೆಯಲ್ಲಿ ಸರಸರನೆ ಓಡುವ ಹೆಸರುಗಳನ್ನು ತಡೆದು ನಿಲ್ಲಿಸಿ, ಖರ್ಚು ಕೊಟ್ಟವರು ಯಾರೆಂದು ಓದುವ ಅಭ್ಯಾಸವನ್ನೂ ಮಕ್ಕಳಿಗೆ ಮಾಡಿಸಿದೆವು. ಏಕೆಂದರೆ ವ್ಯಾಪಾರದ ವಾಹಿನಿಗಳಲ್ಲಿ ಕಂಪೆನಿಗಳೇ ಹಣ ತೆತ್ತು ಮಾಡಿಸುವ ಕಾರ್ಯಕ್ರಮಗಳೂ ಉಂಟು.

ಅನಂತರ ಮಕ್ಕಳು ತಾವಾಗಿಯೇ ಒಂದು ಕೆಲಸಕ್ಕೆ ಕೈಹಾಕಿದರು. ಚಿತ್ರದ ದನಿಯನ್ನು ಪೂರ್ತಿಯಾಗಿ ಅಡಗಿಸಿ, ಅದಕ್ಕೆ ತಮ್ಮದೇ ಕನ್ನಡ ವಿವರಣೆಯನ್ನು ಬರೆದು ಓದುವುದು. ಬರೆಯುವಾಗ ತೊಂದರೆಗಳು ಒಂದೊಂದಾಗಿ ಬಂದುವು. ರೈತರು ಭೂಮಿಯನ್ನು ‘ಬಿಟ್ಟುಕೊಟ್ಟರು’ ಎನ್ನಬೇಕೋ ‘ಗುತ್ತಿಗೆಗೆ ಕೊಟ್ಟರು’ ಎನ್ನಬೇಕೋ ಎಂದು ಒಂದು ಇಡೀ ಮಧ್ಯಾಹ್ನ ವಾದ ನಡೆಯಿತು. ಇಂಗ್ಲಿಷಿನಲ್ಲಿ ‘ಬಂಜರು’ ಎಂಬರ್ಥದ ಮಾತೊಂದಿತ್ತು. ಕಡಲೆಕಾಯಿ ಬೆಳೆಯುತ್ತಿದ್ದ ನೆಲವನ್ನು ಬಂಜರೆಂದು ಬರೆಯುವುದಿಲ್ಲವೆಂದು ಪಾವಗಡದ ಹುಡುಗಿಯು ಹಟಹಿಡಿದಳು. ಸಿರಾ ಕಡೆಯವಳೊಬ್ಬಳು, ಮಳೆಯಿಲ್ಲದ ವರುಷ ಅದು ಬಂಜರೇ ಅಲ್ಲವೇ, ನಮ್ಮಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದದ್ದೇಕೆ ಎಂದಳು. ಅದೂ ನಿಜವೇ. ಕೊನೆಗೆ ‘ಮಳೆ ಬಂದರೆ ಬೆಳೆಯುವ ನೆಲ’ ಎಂದು ಬರೆದರು.

ದಸರಾ ರಜೆಯಲ್ಲಿ ಆ ಹುಡುಗಿಯು ಬರೆದದ್ದರ ಒಂದು ಪ್ರತಿಯನ್ನು ಊರಿಗೆ ಒಯ್ದು, ಜಗಲಿಯ ಮೇಲೆ ಹಿರಿಯರಿಗೆ ಓದಿ ಹೇಳಿ, ಪೆನ್ಸಿಲಿನಲ್ಲಿ ಏಳು ತಿದ್ದುಪಡಿಗಳನ್ನು ಮಾಡಿಕೊಂಡು ಬಂದಳು. ಗುತ್ತಿಗೆಯ ಹಣದಿಂದ ಸಾಲ ತೀರಿಸಿದವರೂ, ಮಗಳನ್ನು ಕಾಲೇಜಿಗೆ ಕಳುಹಿಸಿದವರೂ ಇದ್ದಾರೆ, ಅದನ್ನೇಕೆ ಬರೆಯಲಿಲ್ಲವೆಂದು ಒಬ್ಬರು ಗದರಿಸಿದರಂತೆ. ಅದು ಎರಡನೆಯ ತಿದ್ದುಪಡಿ. ಕುರಿಯ ದಾರಿಯು ಎಷ್ಟು ಸುತ್ತೆಂಬುದನ್ನು ನಡೆದು ನೋಡಿ ಬಂದದ್ದು ಐದನೆಯದು. ಇಪ್ಪತ್ತೆಂಟು ವರುಷ ತುಂಬಿದ ಮೇಲೆ ಈ ಫಲಕಗಳನ್ನು ಯಾರು ಕಿತ್ತೊಯ್ಯುವರು, ನೆಲವು ಮತ್ತೆ ಬಿತ್ತನೆಗೆ ಬರುವುದೇ ಎಂಬುದು ಅವಳ ಸೋದರಮಾವನ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿಲ್ಲದ ಕಾರಣ ಅದನ್ನು ಪ್ರಶ್ನೆಯಾಗಿಯೇ ವಿವರಣೆಯಲ್ಲಿ ಸೇರಿಸಿದ್ದಾರೆ. ಗುತ್ತಿಗೆಯು ಮುಗಿಯುವಾಗ ಅವಳಿಗೆ ಮೂವತ್ತು ದಾಟಿರುವುದು.

ತಿದ್ದಿದ ವಿವರಣೆಯು ಒಂಬತ್ತು ನಿಮಿಷಗಳಲ್ಲಿ ಹಿಡಿಯದೆ ಹನ್ನೊಂದಕ್ಕೆ ಬೆಳೆದಿರುವುದರಿಂದ, ಮುದುಕಿಯು ನಿಂತಿರುವ ಚಿತ್ರವನ್ನು ನಡುವೆ ನಿಲ್ಲಿಸಿ ಓದಬೇಕಾಗುವುದು. ಅದರ ಪ್ರತಿಯು ವಾಚನಾಲಯದ ಎರಡನೆಯ ಬೀರುವಿನಲ್ಲಿ ಇರುವುದು. ಬೇಕಾದವರು ಗ್ರಂಥಪಾಲಕರನ್ನು ಕೇಳಿ ಪಡೆಯಬಹುದು.